ಎಡವುವ ನಾಯಕನ ಕಾಮಿಕ್ಸ್: ಬರೆದು, ಬಿಡಿಸಿ, ಅಚ್ಚು ಹಾಕಿಸುವ ಬಗೆ

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ನಾವು ಬಾಯಿಮಾತಿನ ಶೂರರನ್ನು ಹಂಗಿಸಲು ಬಳಸುತ್ತೇವೆ. ಆದರೆ ಎಡವುವ, ಹಿಂಜರಿಯುವ ನಾಯಕನೊಬ್ಬನ ಕಥೆಯನ್ನು ಸ್ವಂತ ಕಾಮಿಕ್ಸ್ ಆಗಿ ಮಾಡಬೇಕೆಂದಿರುವವರು ಮೊದಲು ಕುಮಾರವ್ಯಾಸನ ವಿರಾಟಪರ್ವವನ್ನು ಕೂತು ಓದಬೇಕೆಂಬುದು ನನ್ನ ಸಲಹೆ. ಹೆಂಗಳೆಯರ ಮುಂದೆ ಕೊಚ್ಚಿಕೊಂಡು ಹೊರಟ ಉತ್ತರಕುಮಾರ ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ, ಬೃಹನ್ನಳೆಯ ವೇಷದಲ್ಲಿರುವ ಅರ್ಜುನ ಅವನನ್ನು ಬೆನ್ನಟ್ಟಿ ಹಿಡಿದು ತರುತ್ತಾನೆ. ಜನ ನೆನಪಿಟ್ಟುಕೊಂಡಿರುವುದು ಇಷ್ಟನ್ನೇ. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಅದೇ ಉತ್ತರ ನಡುಗುತ್ತಲೇ ಬನ್ನಿಮರ ಹತ್ತಿ ಪಾಂಡವರ ಆಯುಧಗಳನ್ನು ಇಳಿಸುತ್ತಾನೆ, ತಾನು ನೋಡಿ ಓಡಿಹೋಗಿದ್ದ ಸೇನೆಯ ಎದುರಿಗೇ ಅರ್ಜುನನ ಸಾರಥಿಯಾಗಿ ರಥ ಹೊಡೆಯುತ್ತಾನೆ. ಅವನು ಅರ್ಜುನನಾಗಲಿಲ್ಲ, ಅವನ ಕೈಗೆ ಒಗ್ಗುವ ಕೆಲಸವೊಂದು ಅವನಿಗೆ ಸಿಕ್ಕಿತು. ಎಡವುವ ನಾಯಕನ ಕಥೆಗೆ ಇದಕ್ಕಿಂತ ಒಳ್ಳೆಯ ಅಡಿಪಾಯವನ್ನು ನಾನು ಕಂಡಿಲ್ಲ.

ವಿಷಯ ಗಾಳಿಯಲ್ಲಿ ತೇಲದಿರಲಿ ಎಂದು ನಾನೇ ಮಾಡಿದ ಇಪ್ಪತ್ತನಾಲ್ಕು ಪುಟದ ಕಾಮಿಕ್ಸ್ ಒಂದನ್ನು ಕೊನೆಯವರೆಗೂ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. ಅದರ ನಾಯಕ ಮಂಜ. ಮಲೆನಾಡಿನ ಮದುವೆಮನೆಗಳಿಗೆ ಅಡುಗೆ ಮಾಡಿಕೊಡುವ ಭಟ್ಟರ ತಂಡದಲ್ಲಿ ಅವನು ಬಡಿಸುವ ಹುಡುಗ. ಸಾರಿನ ಬಕೆಟ್ಟು ಹಿಡಿದು ಪಂಕ್ತಿಗೆ ಇಳಿದನೆಂದರೆ ಹತ್ತನೆಯ ಎಲೆ ತಲುಪುವಷ್ಟರಲ್ಲಿ ಯಾರದಾದರೂ ಪಂಚೆಗೆ ಸಾರು ಬಿದ್ದಿರುತ್ತದೆ. ಧಾರೆಯ ದಿನ ಬೆಳಗಿನ ಜಾವ ಭಟ್ಟರು ಜ್ವರದಿಂದ ಮೇಲೇಳಲಾರದೆ ಹೋಗುತ್ತಾರೆ, ಆರುನೂರು ಜನರ ಅಡುಗೆ ಮಂಜನ ಕೊರಳಿಗೆ ಬೀಳುತ್ತದೆ. ಇವನ ಪೌರುಷವೂ ಒಲೆಯ ಮುಂದೆಯೇ ಗೊತ್ತಾಗಬೇಕು.

ಎಡವುವುದಕ್ಕೂ ಒಲ್ಲೆ ಎನ್ನುವುದಕ್ಕೂ ಒಂದೇ ಬೇರು

ಕಥೆ ಬರೆಯುವ ಮೊದಲು ನೀವು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇವನು ಏಕೆ ಎಡವುತ್ತಾನೆ? ‘ಅವನ ಸ್ವಭಾವವೇ ಹಾಗೆ’ ಎಂಬುದು ಉತ್ತರವಲ್ಲ. ಆ ಉತ್ತರದ ಮೇಲೆ ಕಟ್ಟಿದ ಕಾಮಿಕ್ಸ್ ನಾಲ್ಕು ಪುಟ ನಗಿಸಿ ಐದನೆಯ ಪುಟಕ್ಕೆ ಸುಸ್ತಾಗುತ್ತದೆ. ಮಂಜನ ವಿಷಯದಲ್ಲಿ ನನಗೆ ಉತ್ತರ ಸಿಗಲು ಎರಡು ತಿಂಗಳು ಹಿಡಿಯಿತು. ಅವನು ಬಡಿಸುವಾಗ ಎಲೆಯನ್ನು ನೋಡುವುದಿಲ್ಲ, ಉಣ್ಣುವವರ ಮುಖವನ್ನು ನೋಡುತ್ತಾನೆ. ಮೊದಲ ತುತ್ತಿಗೆ ಹುಬ್ಬು ಏರಿತೇ, ಇಳಿಯಿತೇ ಎಂಬುದರ ಮೇಲೆಯೇ ಅವನ ಕಣ್ಣು, ಆದ್ದರಿಂದ ಸೌಟು ಎತ್ತಲೋ ಹೋಗುತ್ತದೆ. ಇದು ಗೊತ್ತಾದ ಮೇಲೆ ಉಳಿದದ್ದು ತಾನಾಗಿ ಬಂದಿತು. ಕೆಟ್ಟ ಅಡುಗೆ ಒಂದು ಪಂಕ್ತಿಯ ಮುಖಗಳನ್ನು ಏನು ಮಾಡುತ್ತದೆ ಎಂಬುದನ್ನು ವರ್ಷಗಟ್ಟಲೆ ಕಂಡವನಾದ್ದರಿಂದಲೇ ಅವನು ಒಲೆ ಹಿಡಿಯಲು ಒಲ್ಲ. ಯಾವ ಮುಖ ಏನನ್ನು ಕೇಳುತ್ತಿದೆ ಎಂದು ಗೊತ್ತಿರುವವನಾದ್ದರಿಂದಲೇ, ಕೊನೆಗೆ ಸಾರಿಗೆ ಏನು ಕಡಿಮೆಯಾಗಿದೆ ಎಂಬುದು ಅವನಿಗೊಬ್ಬನಿಗೇ ಹೊಳೆಯುತ್ತದೆ. ಎಡವುವುದು, ಹಿಂಜರಿಯುವುದು, ಗೆಲ್ಲುವುದು ಈ ಮೂರೂ ಒಂದೇ ಬೇರಿನಿಂದ ಬಂದಾಗ ಓದುಗ ನಾಯಕನನ್ನು ನಂಬುತ್ತಾನೆ.

ಇದರ ಜೊತೆಗೆ ಒಂದು ಕಟ್ಟುಪಾಡನ್ನು ಹಾಕಿಕೊಳ್ಳಿ. ಆಕಸ್ಮಿಕವು ನಾಯಕನನ್ನು ಕಷ್ಟಕ್ಕೆ ಸಿಕ್ಕಿಸಬಹುದು, ಕಷ್ಟದಿಂದ ಬಿಡಿಸಬಾರದು. ಕಾಲುಜಾರಿ ಬಿದ್ದವನು ಕಳ್ಳನ ಮೇಲೆಯೇ ಬಿದ್ದು ಕಳ್ಳ ಸಿಕ್ಕಿಬಿದ್ದ ಎಂಬ ಬಗೆಯ ಮುಗಿತಾಯ ಒಂದು ಸಲ ನಗಿಸುತ್ತದೆ, ಆದರೆ ಅಲ್ಲಿಯವರೆಗೆ ಅವನು ಪಟ್ಟ ಪಾಡನ್ನೆಲ್ಲ ಬೆಲೆಯಿಲ್ಲದ್ದನ್ನಾಗಿ ಮಾಡುತ್ತದೆ. ಹಾಗೆಯೇ ಅವನ ಮೈಕಟ್ಟು, ತೊದಲು, ಜಾತಿ, ಬಡತನ ಇವುಗಳನ್ನು ನಗೆಯ ಗುರಿಯಾಗಿಸಬೇಡಿ. ಮದುವೆಮನೆಯಲ್ಲಿ ಬಡಿಸುವ ಹುಡುಗರನ್ನು ನಾವು ಹೆಸರು ಹಿಡಿದು ಕರೆಯುವುದೂ ಇಲ್ಲ, ‘ಏ ಸಾರು’ ಎನ್ನುತ್ತೇವೆ. ಅಂಥವನೊಬ್ಬನನ್ನು ನಾಯಕನಾಗಿ ಆರಿಸಿಕೊಂಡ ಮೇಲೆ ಅವನನ್ನು ಗೌರವದಿಂದ ಕಾಣುವ ಹೊಣೆ ನಮ್ಮ ಮೇಲಿರುತ್ತದೆ.

ಒಲ್ಲೆ ಎನ್ನುವುದನ್ನು ಆದಷ್ಟು ಮೈಯಿಂದ ಹೇಳಿಸಬೇಕು. ‘ನನಗೆ ಭಯವಾಗುತ್ತಿದೆ’ ಎಂದು ಮಾತಿನ ಗುಳ್ಳೆಯಲ್ಲಿ ಬರೆದುಬಿಟ್ಟರೆ ಚಿತ್ರಕ್ಕೆ ಮಾಡಲು ಏನೂ ಉಳಿಯುವುದಿಲ್ಲ. ಮಂಜ ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ, ಬಿಚ್ಚಿ ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಅಡುಗೆಮನೆಯ ಹೊಸ್ತಿಲಿನ ಹೊರಗೇ ನಿಂತು ಒಳಗೆ ಇಣುಕುತ್ತಾನೆ. ಪಕ್ಕದ ಊರಿನ ಅಡುಗೆಯವರನ್ನು ಕರೆತರಲು ಸೈಕಲ್ ಹತ್ತುತ್ತಾನೆ, ಅವರು ಬೇರೆ ಮದುವೆಗೆ ಹೋಗಿರುತ್ತಾರೆ. ನಿರಾಕರಣೆಗಳು ಮೂರಾದರೂ ಇರಲಿ, ಒಂದೊಂದು ಸಲವೂ ತಪ್ಪಿಸಿಕೊಳ್ಳುವ ಒಂದೊಂದು ಬಾಗಿಲು ಮುಚ್ಚುತ್ತಾ ಬರಲಿ. ನನ್ನ ಪುಸ್ತಕದಲ್ಲಿ ಮಂಜ ಸೌದೆಗೆ ಬೆಂಕಿ ಹಚ್ಚುವುದು ಹನ್ನೆರಡನೆಯ ಪುಟದಲ್ಲಿ, ಅಂದರೆ ಸರಿಯಾಗಿ ನಡುವಿನಲ್ಲಿ. ಅದಕ್ಕಿಂತ ತಡವಾದರೆ ಓದುಗನಿಗೆ ತಾಳ್ಮೆ ಕೆಡುತ್ತದೆ, ಬೇಗನಾದರೆ ಹಿಂಜರಿಕೆ ತೋರಿಕೆಯದ್ದು ಎನಿಸುತ್ತದೆ.

ಪುಟಗಳ ಲೆಕ್ಕ

ಮಡಿಸಿ ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಸಂಖ್ಯೆ ನಾಲ್ಕರಿಂದ ಭಾಗವಾಗಲೇಬೇಕು, ಆದ್ದರಿಂದ ಕಥೆಯನ್ನು 16, 20 ಅಥವಾ 24 ಪುಟಕ್ಕೆ ಅಳೆದೇ ಬರೆಯಿರಿ. ಪುಟಕ್ಕೆ ಸರಾಸರಿ ಐದು ಚೌಕಟ್ಟು ಎಂದುಕೊಂಡರೂ 24 ಪುಟಕ್ಕೆ 120 ಚಿತ್ರಗಳಾಗುತ್ತವೆ. ಇನ್ನೊಂದು ಲೆಕ್ಕವನ್ನು ಹೊಸಬರು ಮರೆಯುತ್ತಾರೆ. ಕನ್ನಡ ಪುಸ್ತಕದಲ್ಲಿ ಬೆಸ ಸಂಖ್ಯೆಯ ಪುಟ ಬಲಕ್ಕಿರುತ್ತದೆ, ಹಾಳೆ ತಿರುಗಿಸುವುದು ಅದಾದ ಮೇಲೆ. ಓದುಗನಿಗೆ ಮೊದಲೇ ಕಾಣಬಾರದ್ದೇನಿದ್ದರೂ ಅದನ್ನು ಸಮ ಸಂಖ್ಯೆಯ ಪುಟಕ್ಕೆ ಇಡಬೇಕು. ಭಟ್ಟರ ಖಾಲಿ ಒಲೆಯನ್ನು ನಾನು ಆರನೆಯ ಪುಟದ ಮೊದಲ ಚೌಕಟ್ಟಿಗೆ ಇಟ್ಟಿದ್ದು ಈ ಕಾರಣಕ್ಕೆ.

ಇಡೀ ಪುಸ್ತಕಕ್ಕೆ ಕೈಹಾಕುವ ಮುಂಚೆ ಒಂದೇ ಒಂದು ಬೀಳುವ ದೃಶ್ಯವನ್ನು ಎಂಟು ಪುಟದ ಕಿರುಹೊತ್ತಗೆಯಾಗಿ ಮಾಡಿ ನೋಡಿ. ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಿಸಿ ಬಿಚ್ಚಿದರೆ 74 ಮಿಲಿಮೀಟರ್ ಅಗಲ, 105 ಮಿಲಿಮೀಟರ್ ಎತ್ತರದ ಎಂಟು ಮನೆಗಳಾಗುತ್ತವೆ. ನಡುವಿನ ಅಡ್ಡ ಮಡಿಕೆಯನ್ನು ಮಧ್ಯದ ಎರಡು ಮನೆಗಳಷ್ಟು ಉದ್ದಕ್ಕೆ ಮಾತ್ರ ಕತ್ತರಿಸಿ, ಹಾಳೆಯನ್ನು ಉದ್ದಕ್ಕೆ ಮಡಿಚಿ ಎರಡೂ ತುದಿಗಳನ್ನು ಒಳಕ್ಕೆ ತಳ್ಳಿದರೆ ಅಂಟೂ ಇಲ್ಲದೆ ಪಿನ್ನೂ ಇಲ್ಲದೆ ಪುಸ್ತಕ ಸಿದ್ಧ. ಜೆರಾಕ್ಸ್ ಅಂಗಡಿಯಲ್ಲಿ ಹತ್ತು ಪ್ರತಿ ತೆಗೆಸಿ ಹತ್ತು ಜನರಿಗೆ ಕೊಡಿ. ಆ ಎಂಟು ಪುಟದಲ್ಲಿ ನಗದವರು ಇಪ್ಪತ್ತನಾಲ್ಕರಲ್ಲಿಯೂ ನಗುವುದಿಲ್ಲ.

ಬೀಳುವುದನ್ನು ಬಿಡಿಸುವುದು

ಮನುಷ್ಯ ನಿಂತಿರುವಾಗ ಅವನ ಕೊರಳ ಕುಳಿಯಿಂದ ನೇರ ಕೆಳಕ್ಕೆ ಒಂದು ಗೆರೆ ಎಳೆದರೆ ಅದು ಎರಡು ಪಾದಗಳ ನಡುವೆ ಎಲ್ಲೋ ನೆಲ ಮುಟ್ಟುತ್ತದೆ. ಆ ಗೆರೆ ಪಾದಗಳ ಆಚೆಗೆ ಹೋಯಿತೆಂದರೆ ಮೈ ಬೀಳಲೇಬೇಕು. ಎಡವುವ ನಾಯಕನ ಚಿತ್ರಕಲೆಯ ಬಹುಪಾಲು ಈ ಒಂದು ಗೆರೆಯಲ್ಲಿದೆ. ನುರಿತ ಬಡಿಸುವವರನ್ನು ಮದುವೆ ಛತ್ರದಲ್ಲಿ ಗಮನಿಸಿ. ಬಕೆಟ್ಟಿನ ಹಿಡಿ ಎಡಗೈಯಲ್ಲಿ, ಸೌಟು ಬಲಗೈಯಲ್ಲಿ, ಸೊಂಟದಿಂದ ಬಾಗಿದ ಬೆನ್ನು, ಎಲೆಯಿಂದ ಎಲೆಗೆ ಅಡ್ಡಡ್ಡವಾಗಿ ಸರಿಯುವ ಹೆಜ್ಜೆ. ತುಂಬಿದ ಬಕೆಟ್ಟು ಎಡಕ್ಕೆ ಎಳೆಯುವುದರಿಂದ ಅವರ ಬಲ ಭುಜ ಸ್ವಲ್ಪ ಮೇಲಕ್ಕೆ ಎದ್ದಿರುತ್ತದೆ, ಕಣ್ಣು ಮಾತ್ರ ಎಲೆಯ ಮೇಲೆ ನೆಟ್ಟಿರುತ್ತದೆ. ಮಂಜನನ್ನು ಬಿಡಿಸುವಾಗ ನಾನು ಇದಿಷ್ಟನ್ನೂ ಹಾಗೆಯೇ ಇಟ್ಟು ತಲೆಯೊಂದನ್ನು ಮೇಲಕ್ಕೆ ಎತ್ತಿದೆ. ತಲೆ ಎತ್ತಿದೊಡನೆ ಬೆನ್ನು ನೆಟ್ಟಗಾಗುತ್ತದೆ, ಬಕೆಟ್ಟು ತೊಡೆಗೆ ತಾಗುತ್ತದೆ, ಗೆರೆ ಎಡಪಾದದ ಆಚೆಗೆ ಜಾರುತ್ತದೆ. ಬೇರೆ ಯಾವ ಅಂಗವನ್ನೂ ಸೊಟ್ಟ ಮಾಡುವ ಅಗತ್ಯ ಬೀಳಲಿಲ್ಲ.

ಬೀಳುವುದಕ್ಕೆ ಕನಿಷ್ಠ ಮೂರು ಚೌಕಟ್ಟು ಬೇಕು. ಮೊದಲನೆಯದರಲ್ಲಿ ಕಾರಣ ಓದುಗನಿಗೆ ಕಾಣಬೇಕು, ನಾಯಕನಿಗೆ ಕಾಣಬಾರದು. ಬಾಳೆಹಣ್ಣಿನ ಸಿಪ್ಪೆಯನ್ನು ದಯವಿಟ್ಟು ಬಿಟ್ಟುಬಿಡಿ, ಹಿಂದಿನ ಪಂಕ್ತಿಯಲ್ಲಿ ಚೆಲ್ಲಿದ ಪಾಯಸ ಸಿಮೆಂಟು ನೆಲದ ಮೇಲೆ ತೆಳ್ಳಗೆ ಹರಡಿದೆ ಎಂದರೆ ಅದು ಆ ಜಾಗಕ್ಕೇ ಸೇರಿದ ಕಾರಣವಾಗುತ್ತದೆ. ಎರಡನೆಯದು ಗಾಳಿಯಲ್ಲಿ ನಿಂತ ಕ್ಷಣ: ಕಾಲು ನೆಲ ಬಿಟ್ಟಿದೆ, ಕೈ ಬಕೆಟ್ಟನ್ನು ಇನ್ನೂ ಬಿಟ್ಟಿಲ್ಲ, ಮುಖಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ. ಇಲ್ಲಿ ಮಂಜನ ಮುಖದಲ್ಲಿ ಗಾಬರಿಯನ್ನು ತರಬಾರದು, ಎದುರಿನ ಅಜ್ಜನ ಮುಖವನ್ನು ನೋಡುತ್ತಿದ್ದ ಆ ಕುತೂಹಲವೇ ಇರಬೇಕು. ಮೂರನೆಯದರಲ್ಲಿ ಎಲ್ಲ ಮುಗಿದಿರುತ್ತದೆ. ನೆಲಕ್ಕೆ ಅಪ್ಪಳಿಸುವ ಕ್ಷಣವನ್ನು ನಾನು ಬಿಡಿಸುವುದೇ ಇಲ್ಲ, ಎರಡು ಮತ್ತು ಮೂರನೆಯ ಚೌಕಟ್ಟಿನ ನಡುವಿನ ಬಿಳಿ ಜಾಗದಲ್ಲಿ ಓದುಗನೇ ಅದನ್ನು ನಡೆಸಿಕೊಳ್ಳುತ್ತಾನೆ. ಮೂರನೆಯ ಚೌಕಟ್ಟು ಅಗಲವಾಗಿರಲಿ, ಅದರಲ್ಲಿ ಬಿದ್ದವನಿಗಿಂತ ಸುತ್ತ ಕೂತವರ ಮುಖಗಳಿಗೆ ಹೆಚ್ಚು ಜಾಗ ಕೊಡಿ.

ಚೆಲ್ಲುವ ಪದಾರ್ಥಗಳನ್ನೂ ಬೇರೆ ಬೇರೆಯಾಗಿ ಬಿಡಿಸಬೇಕು. ತಿಳಿಸಾರು ಎಳೆಯೆಳೆಯಾಗಿ ಹಾರುತ್ತದೆ. ಹುಳಿ ತುಂಡುತುಂಡಾಗಿ ಹೋಗುತ್ತದೆ, ನುಗ್ಗೆಕೋಡು ಅದರಿಂದ ಬೇರೆಯಾಗಿ ತನ್ನ ದಾರಿ ಹಿಡಿಯುತ್ತದೆ. ಪಾಯಸ ಹಾರುವುದಿಲ್ಲ, ಒಂದೇ ಹಾಳೆಯಂತೆ ಮಗುಚುತ್ತದೆ. ನಾನು ಮನೆಯ ಹಿತ್ತಿಲಿನಲ್ಲಿ ಲೋಟಗಟ್ಟಲೆ ನೀರನ್ನೂ ಗಂಜಿಯನ್ನೂ ಎರಚಿ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ಇವನ್ನು ಕಲಿತೆ. ಒಂದು ಮಧ್ಯಾಹ್ನದ ಕೆಲಸವದು, ಪುಸ್ತಕದುದ್ದಕ್ಕೂ ಅದರ ಫಲ ಕಾಣುತ್ತದೆ.

ಬೆಂಗಳೂರಿಗೆ ಹತ್ತಿರವಿರುವವರು ಎಂ.ಜಿ. ರಸ್ತೆಯ ಬಳಿಯ ಇಂಡಿಯನ್ ಕಾರ್ಟೂನ್ ಗ್ಯಾಲರಿಗೆ ಹೋಗಿ, ಬೇರೆಯವರ ಗೆರೆ ದಪ್ಪದಿಂದ ತೆಳುವಿಗೆ ಹೇಗೆ ಸಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿ ಬರಬಹುದು. ಸಲಕರಣೆಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಕಾಗದ, ಪೆನ್ಸಿಲ್, ಇಂಡಿಯನ್ ಇಂಕ್ ಸಾಕು. ಕಂಪ್ಯೂಟರಿನಲ್ಲಿಯೇ ಬಿಡಿಸುವುದಾದರೆ ಕ್ರಿಟಾ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಕಪ್ಪುಗೆರೆಯ ಚಿತ್ರವನ್ನು 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಬಣ್ಣದ್ದಕ್ಕೆ 300 ಸಾಕಾಗುತ್ತದೆ.

ಕನ್ನಡದ ಅಕ್ಷರಕ್ಕೆ ಕನ್ನಡದ ಗುಳ್ಳೆ

ಇಂಗ್ಲಿಷ್ ಕಾಮಿಕ್ಸ್ ನೋಡಿ ಕಲಿತವರು ಮಾಡುವ ದೊಡ್ಡ ತಪ್ಪು ಇಲ್ಲಿದೆ. ಅಲ್ಲಿ ಮಾತನ್ನೆಲ್ಲ ದೊಡ್ಡಕ್ಷರಗಳಲ್ಲಿ ಬರೆಯುವುದು ವಾಡಿಕೆ, ಸಾಲುಗಳು ಒಂದರ ಕೆಳಗೊಂದು ಇಟ್ಟಿಗೆಯಂತೆ ಕೂರುತ್ತವೆ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ಅದೇ ಅಳತೆಯ ಗುಳ್ಳೆಗೆ ಕನ್ನಡವನ್ನು ತುರುಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತದೆ. ಎ5 ಅಳತೆಯ ಪುಟದಲ್ಲಿ ಅಕ್ಷರ 10 ಪಾಯಿಂಟ್ ಇದ್ದರೆ ಸಾಲಿನಿಂದ ಸಾಲಿಗೆ 14 ಪಾಯಿಂಟ್ ಕೊಡಿ. ನಮ್ಮ ಪದಗಳು ಪ್ರತ್ಯಯ ಸೇರಿ ಉದ್ದವಾಗುವುದರಿಂದ ಗುಳ್ಳೆ ಎತ್ತರಕ್ಕಿಂತ ಅಗಲಕ್ಕೆ ಬೆಳೆಯಬೇಕು. ಆದ್ದರಿಂದ ಪೆನ್ಸಿಲ್ ಹಂತದಲ್ಲಿಯೇ ಮಾತನ್ನು ಬರೆದು ಜಾಗ ಗುರುತಿಸಿಕೊಳ್ಳಿ, ಚಿತ್ರ ಮುಗಿದ ಮೇಲೆ ಜಾಗ ಹುಡುಕಿದರೆ ಯಾರದಾದರೂ ತಲೆ ಮುಚ್ಚಿಹೋಗುತ್ತದೆ. ನಾಯಕನಿಗೆ ಎರಡಕ್ಷರದ, ಒತ್ತಿಲ್ಲದ ಹೆಸರಿಟ್ಟದ್ದೂ ನನಗೆ ಈ ವಿಷಯದಲ್ಲಿ ಅನುಕೂಲವಾಯಿತು.

ಮಾತು ಆಡುನುಡಿಯಲ್ಲಿರಲಿ, ಕಥೆ ಹೇಳುವ ಸಾಲು ಮಾತ್ರ ಬರಹದ ಕನ್ನಡದಲ್ಲಿರಲಿ. ‘ಅಡುಗೆಯನ್ನು ನೀನೇ ಮಾಡಬೇಕಾಗುತ್ತದೆ’ ಎಂದು ಯಾವ ಭಟ್ಟರೂ ಮಲಗಿದಲ್ಲಿಂದ ಹೇಳುವುದಿಲ್ಲ.

‘ಮಂಜಾ, ಅಡುಗೆ ನೀನೇ ಮಾಡ್ಬೇಕಲ ಮಾರಾಯ.’

‘ನಾನಾ? ನನ್ನತ್ರ ಆಗಲ್ಲ ಭಟ್ರೇ.’

ಹೀಗೆ ಬರೆದಾಗ ಜಾಗವೂ ಉಳಿಯುತ್ತದೆ, ಊರೂ ಕೇಳಿಸುತ್ತದೆ. ಭಟ್ಟರು ಮಂಜನಿಗೆ ‘ನೀನು’ ಎನ್ನುತ್ತಾರೆ, ಮಂಜ ಅವರಿಗೆ ಕೊನೆಯ ಪುಟದವರೆಗೂ ‘ನೀವು’ ಎನ್ನುತ್ತಾನೆ. ಗೆದ್ದ ಮೇಲೆಯೂ ಅದು ಬದಲಾಗುವುದಿಲ್ಲ.

ಇನ್ನು ಸದ್ದು. ಕನ್ನಡದ ಅನುಕರಣ ಪದಗಳ ಸಂಪತ್ತನ್ನು ಬಿಟ್ಟು ‘ಬೂಮ್’, ‘ಕ್ರ್ಯಾಶ್’ ಎಂದು ಬರೆಯುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ನಮ್ಮಲ್ಲಿ ಯಾವ ವಸ್ತು ಯಾವುದರ ಮೇಲೆ ಬಿತ್ತು ಎಂಬುದು ಸದ್ದಿನಲ್ಲಿಯೇ ಗೊತ್ತಾಗುತ್ತದೆ. ಮನುಷ್ಯ ಬಿದ್ದರೆ ‘ದೊಪ್’, ಸ್ಟೀಲ್ ಬಕೆಟ್ಟು ಬಿದ್ದರೆ ‘ಢಣ್’, ಅದು ಉರುಳುತ್ತಾ ಹೋದರೆ ‘ಡಣಡಣಡಣ’, ಸೌಟು ಬಿದ್ದರೆ ‘ಟಿಣ್’, ಪಾಯಸದ ಮೇಲೆ ಕಾಲಿಟ್ಟರೆ ‘ಪಚಕ್’, ಕಾಲು ಜಾರಿದರೆ ‘ಸರ್ರ್’. ಇವನ್ನು ಫಾಂಟಿನಲ್ಲಿ ಹಾಕಬೇಡಿ, ಚಿತ್ರದ ಭಾಗವಾಗಿ ಕೈಯಲ್ಲಿಯೇ ಬರೆಯಿರಿ. ‘ಢಣ್’ ಬರೆಯುವಾಗ ಕೊನೆಯ ಅರ್ಧಾಕ್ಷರವಾದ ಣಕಾರದ ಕೊಂಕನ್ನು ನಾನು ಚೌಕಟ್ಟಿನ ಅಂಚಿನವರೆಗೂ ಎಳೆದು, ತೆಳ್ಳಗೆ ಮಾಡುತ್ತಾ ಬಿಟ್ಟಿದ್ದೇನೆ. ಬಕೆಟ್ಟು ಬಿದ್ದ ಮೇಲೂ ಛತ್ರದಲ್ಲಿ ಉಳಿಯುವ ಗುಂಯ್‌ಗುಡುವಿಕೆಗೆ ಆ ಒಂದು ಗೆರೆ ಸಾಕಾಯಿತು.

ಮಾತಿಗೆ ಕೈಬರಹ ಚೆನ್ನಾಗಿದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಯೂನಿಕೋಡ್ ಫಾಂಟುಗಳಲ್ಲಿ ಬಾಲೂ ತಮ್ಮ, ಹುಬ್ಬಳ್ಳಿ, ಅಕಾಯ ಕನಡಕ (Akaya Kanadaka) ಇವು ಉಚಿತವಾಗಿ ಸಿಗುತ್ತವೆ. ಇಂಕ್‌ಸ್ಕೇಪ್ ಎಂಬ ತಂತ್ರಾಂಶದಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುವುದರಿಂದ ನಾನು ಅಕ್ಷರದ ಕೆಲಸವನ್ನು ಅಲ್ಲಿಯೇ ಮಾಡುತ್ತೇನೆ. ಒಂದು ಎಚ್ಚರಿಕೆಯನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಮುದ್ರಣಕ್ಕೆ ಕಳುಹಿಸುವ ಕಡತದಲ್ಲಿ ಪಠ್ಯವನ್ನೆಲ್ಲ ಆಕಾರಗಳಾಗಿ, ಅಂದರೆ ‘ಪಾತ್’ ಆಗಿ ಪರಿವರ್ತಿಸಿಯೇ ಪಿಡಿಎಫ್ ಮಾಡಿ, ತಿದ್ದಬಹುದಾದ ಮೂಲ ಪ್ರತಿಯನ್ನು ಬೇರೆ ಇಟ್ಟುಕೊಳ್ಳಿ. ನನ್ನ ಮೊದಲ ಪುಸ್ತಕದಲ್ಲಿ ಇದನ್ನು ಮಾಡಿರಲಿಲ್ಲ. ಮುದ್ರಣಾಲಯದ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ, ‘ಭಟ್ಟರು’ ಎಂಬುದು ಪುಸ್ತಕದುದ್ದಕ್ಕೂ ‘ಭಟ್‌ಟರು’ ಎಂದು ಒಡೆದು ಅಚ್ಚಾಯಿತು. ಪ್ರೂಫ್ ನೋಡದೆ ಒಪ್ಪಿಗೆ ಕೊಟ್ಟಿದ್ದರಿಂದ ನೂರು ಪ್ರತಿಯ ಹಣ ಹೋಯಿತು.

ಅಚ್ಚು, ಹಕ್ಕು, ಮಾರಾಟ

ನೂರು ಇನ್ನೂರು ಪ್ರತಿಗೆ ಡಿಜಿಟಲ್ ಮುದ್ರಣವೇ ಸರಿ, ಸಂಖ್ಯೆ ಸಾವಿರದ ಹತ್ತಿರ ಹೋದಾಗ ಆಫ್‌ಸೆಟ್ ಅಗ್ಗವಾಗುತ್ತದೆ. ಒಳಪುಟಕ್ಕೆ 100 ಜಿಎಸ್ಎಂ (ಚದರ ಮೀಟರಿಗೆ 100 ಗ್ರಾಂ ತೂಗುವ) ಮ್ಯಾಪ್‌ಲಿಥೋ ಕಾಗದ ಹಾಕಿಸಿ. 70 ಜಿಎಸ್ಎಂ ಹಾಕಿದರೆ ಹಿಂದಿನ ಪುಟದ ಕಪ್ಪು ಮುಂದಕ್ಕೆ ಕಾಣುತ್ತದೆ. ರಕ್ಷಾಪುಟಕ್ಕೆ 250 ಜಿಎಸ್ಎಂ ಆರ್ಟ್ ಕಾರ್ಡ್ ಸಾಕು. ಪುಟದ ಅಂಚಿನವರೆಗೂ ಚಿತ್ರವಿದ್ದರೆ ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚಾಗಿ ಬಿಡಿಸಿ, ಮಾತಿನ ಗುಳ್ಳೆಗಳನ್ನು ಅಂಚಿನಿಂದ 8 ಮಿಲಿಮೀಟರ್ ಒಳಕ್ಕೆ ಇಡಿ.

ಬರೆಯುವವರೊಬ್ಬರು, ಬಿಡಿಸುವವರೊಬ್ಬರು ಆಗಿದ್ದರೆ ಗೆಳೆತನ ಎಷ್ಟೇ ಗಟ್ಟಿಯಿದ್ದರೂ ಹಕ್ಕಿನ ವಿಷಯವನ್ನು ಬರಹದಲ್ಲಿ ಇಡಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕೃತಿ ರಚಿಸಿದೊಡನೆ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡುವುದಾದರೆ ಅದು ಬರಹದಲ್ಲಿರಬೇಕು. ಅವಧಿ ನಮೂದಿಸದಿದ್ದರೆ 5 ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯಿದೆಯ 19ನೆಯ ಕಲಂ ಭಾವಿಸುತ್ತದೆ. ಅಂಗಡಿಗಳ ಮೂಲಕ ಮಾರಬೇಕೆಂದಿದ್ದರೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಪಡೆಯಿರಿ, ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಶುಲ್ಕವಿಲ್ಲದೆ ಕೊಡುತ್ತದೆ. ಪುಸ್ತಕದಂಗಡಿಗಳು ಮಾರಾಟವಾದ ಮೇಲೆ ಹಣ ಕೊಡುವ ಕರಾರಿನಲ್ಲಿ ಪ್ರತಿಗಳನ್ನು ಇಟ್ಟುಕೊಳ್ಳುವುದರಿಂದ, ಅವರ ಕಮಿಷನ್ ಕಳೆದರೂ ಮುಂದಿನ ಮುದ್ರಣಕ್ಕೆ ಉಳಿಯುವಂತೆ ಬೆಲೆ ಇಡಬೇಕು. ಅಚ್ಚಿನ ಖರ್ಚಿನ ಎರಡೂವರೆಯಿಂದ ಮೂರು ಪಟ್ಟು ನನಗೆ ಸರಿಹೋಗಿದೆ.

ಹಣ ಕೊಡುವ ಮುಂಚೆ ಒಂದು ಪ್ರತಿಯನ್ನು ಜೆರಾಕ್ಸ್ ಮಾಡಿ, ಮಡಿಸಿ, ಕಥೆ ನಡೆಯುವ ಲೋಕದವರೊಬ್ಬರ ಕೈಗೆ ಕೊಟ್ಟು ಎದುರಿಗೆ ಕೂತು ನೋಡಿ. ಅಭಿಪ್ರಾಯ ಕೇಳಬೇಡಿ, ಕಣ್ಣು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹಿಂದಕ್ಕೆ ಹೋಗುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಎರಡನೆಯ ಮುದ್ರಣದ ಮೊದಲು ನಾನು ನಿಜವಾಗಿಯೂ ಮದುವೆಗಳಲ್ಲಿ ಬಡಿಸುವ ಹಿರಿಯರೊಬ್ಬರಿಗೆ ಹೀಗೆ ಕೊಟ್ಟೆ. ಅವರು ಬೀಳುವ ದೃಶ್ಯಕ್ಕೆ ನಕ್ಕರು, ಹದಿನೇಳನೆಯ ಪುಟದಲ್ಲಿ ನಿಂತು, ಕೊಪ್ಪರಿಗೆಯ ಪಕ್ಕ ಬಿಡಿಸಿದ್ದ ಸಣ್ಣ ಸೌಟನ್ನು ಬೆರಳಿನಿಂದ ತೋರಿಸಿ, ‘ಇಷ್ಟು ದೊಡ್ಡ ಕೊಪ್ಪರಿಗೆಗೆ ಇದು ಸಾಲುವುದಿಲ್ಲ, ಹುಟ್ಟು ಬೇಕು’ ಎಂದರು. ಆ ಪುಟವನ್ನು ಪೂರ್ತಿಯಾಗಿ ಮತ್ತೆ ಬಿಡಿಸಿದೆ. ಈಗ ಮಂಜ ತನ್ನ ಭುಜದೆತ್ತರದ ಮರದ ಹುಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾನೆ, ಕೊರಳಿನಿಂದ ಇಳಿದ ಗೆರೆ ಪುಸ್ತಕದಲ್ಲಿ ಮೊದಲ ಸಲ ಅವನ ಎರಡು ಪಾದಗಳ ನಡುವೆ ಬಂದು ನೆಲ ಮುಟ್ಟುತ್ತದೆ.